ಮಗಳ ಸಿಲಿಂಡರಿಗೆ ಗಾಳಿ

ಬಂದರಿನ ಹಿಂದಿನ ಓಣಿಯಲ್ಲಿ, ಡೈವಿಂಗ್ ಅಂಗಡಿಯ ಹಿತ್ತಲಲ್ಲಿ ಒಂದು ಶೆಡ್ ಇದೆ. ಒಳಗೆ ಕಂಪ್ರೆಸರ್, ನೀರಿನ ತೊಟ್ಟಿ, ಕಡಲಿಗಿಳಿಯುವವರು ಬೆನ್ನಿಗೆ ಕಟ್ಟಿಕೊಂಡು ಉಸಿರಾಡುವ, ಗೋಡೆಗೆ ಒರಗಿ ನಿಂತ ಸಿಲಿಂಡರುಗಳು. ಅಲ್ಲಿ ಗಾಳಿ ತುಂಬುವ ಹೆಂಗಸನ್ನು ಎಲ್ಲರೂ ಗಾಳಿಯಕ್ಕ ಎನ್ನುತ್ತಾರೆ. ಅಜ್ಜಂದಿರ ಕಾಲದಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದ ಉಗಿಹಡಗೊಂದು ಬಂದರಿನಾಚೆ ಕಡಲ ತಳದಲ್ಲಿದೆ. ಅದನ್ನು ನೋಡಲು ದೂರದೂರದಿಂದ ಜನ ಬಂದು ನೀರಿಗಿಳಿಯುತ್ತಾರೆ. ಅವರನ್ನು ದೋಣಿಯಲ್ಲಿ ಒಯ್ಯುವವನು ಗಾಳಿಯಕ್ಕನ ಗಂಡ. ಅವರ ಮನೆಯ ಒಲೆ ಉರಿಯುವುದು ಆ ಹಡಗಿನಿಂದಲೇ. ಆದರೆ ಆಕೆ ಅದನ್ನು ಕಂಡಿದ್ದು ಅಂಗಡಿಯ ಗೋಡೆಯ ಹಳೇ ಫೋಟೋದಲ್ಲಿ ಮಾತ್ರ.

ಹಿಂದೊಮ್ಮೆ ಯಾರೋ ಲಾರಿಯನ್ನು ಶೆಡ್ಡಿನ ಪಕ್ಕ ಚಾಲೂ ಇಟ್ಟು ಹೋಗಿದ್ದರು. ಅದರ ಹೊಗೆಯನ್ನು ಕಂಪ್ರೆಸರ್ ಎಳೆದುಕೊಂಡಿತ್ತು. ಆ ಗಾಳಿ ಉಸಿರಾಡಿದವನೊಬ್ಬ ವಾಂತಿ ಮಾಡುತ್ತ ಮೇಲೆ ಬಂದ, ಹೇಗೋ ಬದುಕಿಕೊಂಡ. ಅಂದಿನಿಂದ ಆಕೆ ವಾಲ್ವನ್ನು ಚೂರು ತಿರುಗಿಸಿ ಮೂಸಿ ನೋಡದೆ ಒಂದು ಸಿಲಿಂಡರನ್ನೂ ಹೊರಗೆ ಬಿಟ್ಟವಳಲ್ಲ.

ಈ ವರ್ಷ ಮಗಳು, ಜನರನ್ನು ನೀರಿನಡಿಗೆ ಕರೆದೊಯ್ಯುವ ಗೈಡ್ ಪರೀಕ್ಷೆ ಪಾಸಾದಳು. ಅಂಗಡಿಯ ಯಜಮಾನ ಖಡಾಖಂಡಿತವಾಗಿ ಹೇಳಿದ: "ಭಾನುವಾರದ ಗುಂಪನ್ನ ಹಡಗಿಗೆ ಕರ್ಕೊಂಡು ಹೋಗಿ ಬರ್ಲಿ. ಆಗಲ್ಲ ಅಂದ್ರೆ ಈ ಕೆಲಸಕ್ಕೆ ಬೇರೆಯವರಿದಾರೆ."

"ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಸಿಗಲ್ವೇನೇ ನಿಂಗೆ?" ಎಂದು ತಾಯಿ ಗೊಣಗಿದಳು.

"ಕಂಡೋರಿಗೆಲ್ಲ ಹೋಗಿ ಬನ್ನಿ ಅಂತೀಯ, ನಂಗೆ ಮಾತ್ರ ಕುರ್ಚಿನಾ?"

ಭಾನುವಾರ ಬೆಳಿಗ್ಗೆ ಜನ ದೋಣಿ ಹತ್ತಿ ಕೂತಿದ್ದರು. ಗಂಡ ಒಂದೊಂದೇ ಸಿಲಿಂಡರಿಗೆ ಮೀಟರ್ ಹಾಕಿ ನೋಡುತ್ತ ಬಂದವನು ಮಗಳದರ ಹತ್ತಿರ ನಿಂತುಬಿಟ್ಟ.

"ಇದೇನೇ ಇದು, ಕಾಲು ಭಾಗ ಗಾಳಿ ಖಾಲಿಯಾಗಿದೆ!"

ಗಾಳಿಯಕ್ಕ ಬೆಳಗಿನಿಂದ ಅದರ ವಾಲ್ವನ್ನು ಮತ್ತೆ ಮತ್ತೆ ತಿರುಗಿಸಿ, ಗಾಳಿ ಬಿಟ್ಟು ಮೂಸಿದ್ದಳು. ಗಾಳಿ ಪ್ರತಿಸಲವೂ ಸರಿಯಾಗಿಯೇ ಇತ್ತು. ಆಕೆಗೆ ನಂಬಿಕೆ ಬಂದಿರಲಿಲ್ಲ.

"ಅಮ್ಮಾ, ನನ್ನ ಗಾಳಿನೆಲ್ಲ ನೀನೇ ಕುಡಿದುಬಿಟ್ಯಾ?" ಎಂದಳು ಮಗಳು.

ದೋಣಿಯಲ್ಲಿದ್ದವರು ನಕ್ಕರು. ದಡದಲ್ಲಿ ನಿಂತಿದ್ದ ಅಂಗಡಿಯ ಯಜಮಾನ ನಗಲಿಲ್ಲ. "ಬೇರೆಯವರನ್ನ ಕಳಿಸ್ಲಾ?" ಎಂದ.

"ಬೇಡ," ಎಂದಳು ಗಾಳಿಯಕ್ಕ. ಸಿಲಿಂಡರನ್ನು ಹೆಗಲಿಗೇರಿಸಿ ಶೆಡ್ಡಿಗೆ ಹೋದಳು. ಬಿಸಿಯೇರದಂತೆ ತೊಟ್ಟಿಯ ನೀರಲ್ಲಿ ನಿಲ್ಲಿಸಿ, ಕಂಪ್ರೆಸರ್ ಚಾಲೂ ಮಾಡಿ, ತುಂಬುವವರೆಗೂ ಕದಲದೆ ನಿಂತಳು. ಒಂದು ಸಲ ವಾಲ್ವ್ ತಿರುಗಿಸಿ, ಒಂದೇ ಸಲ ಮೂಸಿ, ಬೇರೆಯವರಿಗೆ ಕೊಡುವ ಹಾಗೆಯೇ ಮಗಳ ಕೈಗೆ ಕೊಟ್ಟಳು. ದೋಣಿ ಹೊರಟಿತು.

ಮಧ್ಯಾಹ್ನ ಮಗಳು ಒದ್ದೆ ತಲೆಯಲ್ಲೇ ಶೆಡ್ಡಿಗೆ ಬಂದಳು. "ಅಮ್ಮಾ, ಹಡಗು ಫೋಟೋದಲ್ಲಿದ್ದ ಹಾಗಿಲ್ಲ. ಹೊಗೆಕೊಳವೆ ಮಗ್ಗುಲಾಗಿ ಬಿದ್ದಿದೆ. ಅದರೊಳಗೆ ಮೀನುಗಳು ಸಂಸಾರ ಹೂಡಿವೆ!"

ಗಾಳಿಯಕ್ಕ ಮಗಳ ಸಿಲಿಂಡರಿಗೆ ಮೀಟರ್ ಹಾಕಿ ನೋಡಿದಳು. ಬೇಕಾದಷ್ಟು ಗಾಳಿ ಉಳಿದಿತ್ತು.

"ಪರವಾಗಿಲ್ಲ, ಉಳಿಸ್ಕೊಂಡೇ ಬಂದಿದೀಯ," ಎಂದಳು. "ನಾಳೆ ಎಷ್ಟೊತ್ತಿಗೆ ಬೇಕು?"