ಹೊಸಿಲು ದಾಟಿದ ಡ್ರಮ್ಮು

ಬ್ಯಾಂಡ್ ಮಾಸ್ಟರರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ತಗ್ಗಿತ್ತು. ನಲವತ್ತು ವರ್ಷ ಡ್ರಮ್ಮಿನ ಪಟ್ಟಿ ಹೊತ್ತ ಭುಜ ಅದು. ಅಂಗಿ ಹೊಲಿಸಿದರೆ ಬಲತೋಳು ಯಾವಾಗಲೂ ಅಂಗೈವರೆಗೆ ಇಳಿಯುತ್ತಿತ್ತು. ದರ್ಜಿಗೆ ಬೈಯುವುದು ಬಿಟ್ಟು ಅದನ್ನು ಮಡಚಿಕೊಂಡೇ ಓಡಾಡುತ್ತಿದ್ದರು. ಶಿಕಾರಿಪುರದಲ್ಲಿ ನಮ್ಮ ಎದುರು ಮನೆ ಅವರದು. ಮದುವೆ ಕಾಲದಲ್ಲಿ ಬ್ಯಾಂಡು, ಉಳಿದ ದಿನ ಕುಕ್ಕರ್, ಗ್ಯಾಸ್ ಒಲೆ ರಿಪೇರಿ.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಮೂವತ್ತು ವರ್ಷ ಮಕ್ಕಳನ್ನು ಲೆಫ್ಟ್-ರೈಟ್ ಮಾಡಿಸಿದವನು. ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಅವರ ಡ್ರಮ್ಮಿಗೂ ನನ್ನ ಸೀಟಿಗೂ ಪ್ರತಿವರ್ಷ ಜಗಳ. ಅವರದು ನಿಧಾನವೆಂದು ನಾನು, ನನ್ನದು ಅವಸರವೆಂದು ಅವರು. "ಮೆರವಣಿಗ್ಯಾಗೆ ಮುಂದಿನೋರ್ನ ನೋಡಬಾರ್ದ್ರೀ ಮೇಷ್ಟ್ರೇ. ಎಲ್ಲಾರ್ಗಿಂತ ಹಿಂದೆ ಬರೋ ಅಜ್ಜಿ ಕಾಲು ನೋಡ್ಬೇಕು. ಆ ಕಾಲಿಗೆ ಕೈ ಹೊಂದಿಸ್ಬೇಕು" ಎನ್ನುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಿವೃತ್ತಿಯಾಗಿ ಎರಡು ವರ್ಷಕ್ಕೆ ಆ ಅಜ್ಜಿ ನಾನೇ ಆದೆ.

ಪಾರ್ಕಿನ್ಸನ್ ಎಂದರು ಡಾಕ್ಟರು. ಕೈ ನಡುಗುವುದಕ್ಕೆ ನಾನು ಅಷ್ಟು ಹೆದರಲಿಲ್ಲ. ನಡೆಯುತ್ತ ನಡೆಯುತ್ತ ಕಾಲು ನಿಂತೇಬಿಡುವುದಿತ್ತಲ್ಲ, ಅದು ಮರ್ಯಾದೆ ತೆಗೆಯಿತು. ಡ್ರಿಲ್ ಮೇಷ್ಟ್ರು ಬಚ್ಚಲಮನೆ ಬಾಗಿಲಲ್ಲಿ ಹಾಲ್ಟ್ ಆಗಿ ನಿಲ್ಲುವುದೆಂದರೆ! "ಗುಳಿಗೆ ತಪ್ಪಿಸಬೇಡಿ. ತಾಳಕ್ಕೆ ಹೆಜ್ಜೆ ಹಾಕೋದನ್ನ ಅಭ್ಯಾಸ ಮಾಡಿ, ಇದಕ್ಕೆ ಸಂಗೀತವೂ ಒಂದು ಚಿಕಿತ್ಸೆ" ಎಂದ ಡಾಕ್ಟರು ಮೊಬೈಲಿನಲ್ಲಿ ಟಿಕ್ ಟಿಕ್ ಹಾಕಿಕೊಟ್ಟರು. ನನ್ನ ಕಾಲು ಅದಕ್ಕೆ ಕ್ಯಾರೇ ಅನ್ನಲಿಲ್ಲ.

ಅದೇ ಹೊತ್ತಿಗೆ, ಸೊರಬಕ್ಕೆ ಕೊಟ್ಟ ನನ್ನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಆ ಹುಡುಗಿಗೆ ಇದ್ದವನು ನಾನೊಬ್ಬನೇ. "ಅಣ್ಣಯ್ಯ, ನಿಂಗೆ ಕಷ್ಟ ಮಾರಾಯ. ಕುರ್ಚೀಲಿ ಕೂತು ಅಕ್ಷತೆ ಹಾಕು, ಸಾಕು" ಎಂದಳು ತಂಗಿ ಫೋನಿನಲ್ಲಿ. ಪ್ರೀತಿಯಿಂದಲೇ ಹೇಳಿದ್ದು. ನನಗೆ ಅಳು ಬಂತು.

ವಿಷಯ ಕಿವಿಗೆ ಬಿದ್ದ ಬ್ಯಾಂಡ್ ಮಾಸ್ಟರರು ಮರುದಿನ ಬೆಳಿಗ್ಗೆ ಡ್ರಮ್ಮು ನೇತುಹಾಕಿಕೊಂಡೇ ಬಂದರು. "ಬರ್ರಿ ಮೇಷ್ಟ್ರೇ, ದಿಬ್ಬಣ ಹೊರಡೋ ಟೈಮಾತು!" ಬೀದಿಯ ಕೊನೆಯವರೆಗೆ ಹೋಗಿ ಬರುವುದು. ಅವರು ನನ್ನ ಮುಖ ನೋಡುತ್ತಲೇ ಇರಲಿಲ್ಲ, ಕಾಲು ಮಾತ್ರ. ಢಂ-ಟಕ, ಢಂ-ಟಕ. ಹಾಲು ಹಾಕುವವನು ಮದುವೆ ಯಾರದ್ದೆಂದು ದಿನಾ ಕೇಳುತ್ತಿದ್ದ. ಹದಿನೈದು ದಿನಕ್ಕೆ ಬೀದಿಯಲ್ಲಿ ಕಾಲು ಹಗುರಾಯಿತು. ಆದರೆ ವಾಪಸಾಗಿ ನಮ್ಮ ಮನೆ ಹೊಸಿಲಿಗೆ ಬಂದರೆ ಮುಗಿಯಿತು, ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು. ನಾನು ಕಾಲಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ಒಂದು ದಿನ ಒಳಗಿಂದ ನೋಡುತ್ತಿದ್ದ ನನ್ನ ಹೆಂಡತಿ, "ಕಾಲಿಗ್ಯಾಕೆ ಬೈತೀರಿ? ಮೊದ್ಲು ಅವ್ರ ಕೈ ನಿಲ್ತೈತಿ, ಆಮೇಲೆ ನಿಮ್ ಕಾಲು" ಎಂದಳು.

ನಿಜ. ಬಾಗಿಲು ಕಂಡೊಡನೆ ಮಾಸ್ಟರರು ಢರ್‍ರ್ ಎಂದು ಕೋಲು ಉರುಳಿಸಿ, ಢಂ ಎಂದು ಮುಗಿಸಿಬಿಡುತ್ತಿದ್ದರು. ಅದು ಅವರಿಗೇ ಗೊತ್ತಿರಲಿಲ್ಲ. ಕೋಲುಗಳನ್ನು ಕಂಕುಳಲ್ಲಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಛತ್ರದ ಬಾಗ್ಲು ಬಂತಂದ್ರೆ ನಮ್ ಕೆಲ್ಸ ಮುಗೀತಲ್ರೀ. ಒಳಗೆಲ್ಲಾ ವಾಲಗದೋರ್ದು. ನಲವತ್ತು ವರ್ಷದಾಗೆ ಡ್ರಮ್ ಹಾಕ್ಕೊಂಡು ಒಂದು ಹೊಸಿಲೂ ದಾಟಿಲ್ಲ ನಾನು."

ಅಂದಿನಿಂದ ಕಲಿಯುವವರು ಇಬ್ಬರಾದೆವು. ಅವರು ಮುಂದೆ, ನಾನು ಹಿಂದೆ, ನಮ್ಮ ಮನೆಯೊಳಗೆ ದೇವರ ಕೋಣೆಯವರೆಗೆ ಬಾರಿಸುತ್ತ ಹೋಗುವುದು. ಹೆಂಡತಿ ಕಿವಿ ಮುಚ್ಚಿಕೊಂಡೇ ಕಾಫಿ ಕೊಡುತ್ತಿದ್ದಳು.

ಸೊರಬದ ಛತ್ರದಲ್ಲಿ ಹೆಣ್ಣಿನ ಕೋಣೆ ಅಂಗಳದಾಚೆ ಇತ್ತು. ಮುಂದೆ ಮಾಸ್ಟರರ ಡ್ರಮ್ಮು, ಹಿಂದೆ ನಾನು, ಹುಡುಗಿಯ ಕೈ ಹಿಡಿದು ಅಂಗಳವನ್ನೇನೋ ಸಲೀಸಾಗಿ ದಾಟಿದೆ. ದೊಡ್ಡ ಹೊಸಿಲು ಬಂತು. ಒಳಗೆ ಕಿಕ್ಕಿರಿದ ಜನ, ಹುಬ್ಬು ಗಂಟಿಕ್ಕಿದ ವಾಲಗದವರು. ನೋಡುತ್ತೇನೆ, ಮಾಸ್ಟರರ ಕೈಯಲ್ಲಿ ಢರ್‍ರ್ ಶುರುವಾಗಿದೆ. ಹಳೇ ಚಾಳಿ! ನನ್ನ ಕಾಲು ಆಗಲೇ ಬಿಗಿಯುತ್ತಿತ್ತು. ಆ ದನಿ ಎಲ್ಲಿ ಅಡಗಿತ್ತೋ, "ಫಾರ್ವರ್ಡ್ ಮಾರ್ಚ್!" ಎಂದು ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದೆ. ಮಾಸ್ಟರರು ಬೆಚ್ಚಿಬಿದ್ದು ಒಂದೇ ಹೆಜ್ಜೆಗೆ ಒಳಗಿದ್ದರು. ಢಂ-ಟಕ, ಢಂ-ಟಕ. ಅದರ ಹಿಂದೆಯೇ ನನ್ನ ಕಾಲು. ಛತ್ರವೆಲ್ಲ ನಕ್ಕಿತು, ಹುಡುಗಿ ಮಂಟಪದವರೆಗೂ ನಗುತ್ತಲೇ ಬಂದಳು. ತಂಗಿ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಊಟಕ್ಕೆ ನನ್ನ ಪಕ್ಕ ಕೂತ ಮಾಸ್ಟರರು, "ಒಳಗೆ ಬಾರ್ಸೋದು ಭಾಳ ಸುಖ ಐತ್ರೀ ಮೇಷ್ಟ್ರೇ. ಮ್ಯಾಲೆ ಫ್ಯಾನ್ ತಿರುಗ್ತಿರ್ತೈತಿ" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಕಬರಸ್ತಾನಕ್ಕೆ ಹೊತ್ತೊಯ್ಯುವಾಗ ನಾನೂ ನಡೆದೆ, ಎಲ್ಲರಿಗಿಂತ ಹಿಂದೆ. ಹೊತ್ತವರ ಹೆಜ್ಜೆ ಜೋರಾಗಿತ್ತು. ಗೇಟಿನ ಹತ್ತಿರ ನನ್ನ ಕಾಲು ನಿಂತೇಬಿಟ್ಟಿತು. ಹಿಂದೆ ಬರುವವರ ಕಾಲು ನೋಡಬೇಕಾದವರು ಮುಂದೆ, ಹೆಗಲುಗಳ ಮೇಲೆ ಮಲಗಿದ್ದರು. ಬಾಯೊಳಗೇ ಢಂ-ಟಕ ಎಂದುಕೊಂಡೆ, ನಾನು ಮೂವತ್ತು ವರ್ಷ ಬೈದಿದ್ದ ಅವರ ಆ ನಿಧಾನದಲ್ಲೇ. ಗೇಟು ದಾಟಿ, ಮೂರು ಹಿಡಿ ಮಣ್ಣು ಹಾಕಿ ಬಂದೆ.