ಅಪ್ಪನ ಗಾಡಿಯ ಬಣ್ಣ

ಭಾನುವಾರ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿರುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಆ ವಾಸನೆ ಬರುತ್ತದೆ. ಪೆಟ್ರೋಲಿನೊಂದಿಗೆ ಎಣ್ಣೆ ಸುಟ್ಟ ವಾಸನೆ. ಮೂರನೇ ಮಹಡಿಯ ನನ್ನ ಅಡುಗೆಮನೆಯ ಕಿಟಕಿಯನ್ನೇ ಹುಡುಕಿಕೊಂಡು ಹೊಗೆ ಮೇಲೇರುತ್ತದೆ, ರವೆಯ ಘಮವನ್ನು ಪಕ್ಕಕ್ಕೆ ತಳ್ಳಿ ತಾನು ಕೂತುಕೊಳ್ಳುತ್ತದೆ. ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಷ್ಟು ಹೊಗೆ ಬಿಡುವ, ಇಷ್ಟು ಸದ್ದು ಮಾಡುವ ಗಾಡಿ ಇನ್ನೊಂದಿಲ್ಲ. ಎದುರು ಫ್ಲ್ಯಾಟಿನ ಸೆಕ್ರೆಟರಿ ಬಾಲ್ಕನಿಗೆ ಬಂದು, ಕೆಳಗೆ ಬಗ್ಗಿ ನೋಡಿ, ಆಮೇಲೆ ನನ್ನ ಕಿಟಕಿಯ ಕಡೆ ತಿರುಗಿ, "ಈ ಪೊಗ ಏಂಟಿ ಮೇಡಂ" ಎಂದು ಕೇಳುತ್ತಾರೆ, ಹೊಗೆ ನನ್ನದೇ ಎಂಬಂತೆ. ನನ್ನದಾಗಿದ್ದರೆ ಹೆಮ್ಮೆಯಿಂದಲೇ ಉತ್ತರ ಕೊಡುತ್ತಿದ್ದೆ. ಗಾಡಿ ನನ್ನ ತಂಗಿ ಶೈಲಾಳದು.

ಸದ್ದು ಗೇಟು ದಾಟುವಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತಿರುತ್ತಾಳೆ. ವಾರವಿಡೀ ಮೊಣಕಾಲು ನೋವೆಂದು ಸೋಫಾದಿಂದ ಏಳಲು ನರಳುವವಳು ಆ ದಿನ ಮಾತ್ರ ಚಪ್ಪಲಿ ಮೆಟ್ಟಿ, ಹೆಲ್ಮೆಟ್ಟನ್ನು ತರಕಾರಿ ಬುಟ್ಟಿಯಂತೆ ಕಂಕುಳಲ್ಲಿ ಇಟ್ಟುಕೊಂಡು ಲಿಫ್ಟಿಗೆ ಕಾಯುತ್ತಿರುತ್ತಾಳೆ. ನಾನು ಬಿಸಿ ಉಪ್ಪಿಟ್ಟಿನ ಡಬ್ಬಿಯನ್ನು ಅವಳ ಕೈಗೆ ಕೊಡುತ್ತೇನೆ. ದಾರಿಯಲ್ಲಿ ಎಲ್ಲಾದರೂ ನೆರಳು ನೋಡಿ ಇಬ್ಬರೂ ತಿನ್ನಲಿ ಎಂದು ಹೇಳಿ ಕೊಡುತ್ತೇನೆ. ಒಳಗಿನ ಮಾತು ಬೇರೆ. ಆ ಸವಾರಿಯಲ್ಲಿ ನನ್ನದೂ ಏನಾದರೊಂದು ಇರಲಿ ಎಂಬ ಹಟ. ನಾನಲ್ಲದಿದ್ದರೆ ನನ್ನ ಉಪ್ಪಿಟ್ಟಾದರೂ ಆ ಗಾಡಿ ಹತ್ತಲಿ.

ನೀವು ಮನೆಗೆ ಹಿರಿಯ ಮಗುವಾಗಿದ್ದರೆ ನಿಮಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಕಿರಿಯರಾಗಿದ್ದರೆ ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಿ, ಏಕೆಂದರೆ ಮುಂದೆ ನಿಮ್ಮ ಮೇಲೂ ನಾಲ್ಕು ಮಾತು ಬರುತ್ತವೆ.

ಗಾಡಿ ನಮ್ಮ ಅಪ್ಪನದು. ಧಾರವಾಡದ ಕಡೆಯಿಂದ ಬಂದು ಇಲ್ಲಿನ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿದವನು ಅಪ್ಪ. ಎರಡು ಸ್ಟ್ರೋಕಿನ ಎಂಜಿನ್ನು, ಅಕ್ಕಪಕ್ಕ ಎರಡು ಸೈಲೆನ್ಸರು. ಕಿಕ್ ಹೊಡೆದ ಲಿವರನ್ನೇ ತಿರುಗಿಸಿದರೆ ಅದೇ ಗೇರಾಗುವ ಜಾತಿ. ನಿಮ್ಮ ಮನೆಯಲ್ಲೂ ಯಾರಾದರೂ ಇಟ್ಟಿದ್ದರೆ ಹೆಸರು ಹೇಳದೆಯೇ ಗುರುತು ಹತ್ತಿರುತ್ತದೆ. ಅದಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಹಾಕಬೇಕು. ಎಣ್ಣೆ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಎಂಜಿನ್ನು ಹಿಡಿದುಕೊಂಡು ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಅಪ್ಪ ಯಾವಾಗಲೂ ಒಂದಿಷ್ಟು ಹೆಚ್ಚೇ ಹಾಕುವವನು. ಹಾಗಾಗಿ ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಒಣಹಾಕಿದ ಬಟ್ಟೆಗಳಿಗೆಲ್ಲ ಅಪ್ಪನ ವಾಸನೆ ಇರುತ್ತಿತ್ತು.

ಆ ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಮೊದಲು ಕೂರುತ್ತಿದ್ದವಳು ನಾನು. ಟ್ಯಾಂಕಿನ ಮೇಲೊಂದು ಟರ್ಕಿ ಟವೆಲು ಮಡಚಿ ಹಾಕಿ ಅಪ್ಪ ನನ್ನನ್ನು ಕೂರಿಸುತ್ತಿದ್ದ. ಎರಡೂ ಕೈ ಹ್ಯಾಂಡಲಿನ ನಡುವೆ. ಎದುರಿಗೆ ಬರುವ ಬಸ್ಸು, ಎಮ್ಮೆ, ರಿಕ್ಷಾ ಎಲ್ಲವೂ ನನ್ನನ್ನು ಕೇಳಿಯೇ ಪಕ್ಕಕ್ಕೆ ಸರಿಯುತ್ತವೆ ಎಂದು ನಾನು ನಂಬಿದ್ದ ಕಾಲ ಅದು. ಆಮೇಲೆ ಶೈಲಾ ಹುಟ್ಟಿದಳು. ಅವಳಿಗೆ ಕೂರುವ ಶಕ್ತಿ ಬಂದದ್ದೇ ತಡ, ಟವೆಲು ಅವಳದಾಯಿತು. ನಾನು ಹಿಂದಿನ ಸೀಟಿಗೆ, ಅಪ್ಪನ ಬೆನ್ನು ಮತ್ತು ಅವ್ವನ ಹೊಟ್ಟೆಯ ನಡುವಿನ ಸಂದಿಗೆ ಹೋದೆ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ನಾಲ್ವರೂ ಅದರ ಮೇಲೆಯೇ ಹೋಗುತ್ತಿದ್ದೆವು. ಶೈಲಾ ಟ್ಯಾಂಕಿನ ಮೇಲಿಂದ ಆಗೊಮ್ಮೆ ಈಗೊಮ್ಮೆ ವರದಿ ಒಪ್ಪಿಸುತ್ತಿದ್ದಳು. ಜೈಂಟ್ ವ್ಹೀಲು ಕಾಣಿಸಿತು, ದೀಪ ಕಾಣಿಸಿತು, ಒಂಟೆ ಕಾಣಿಸಿತು. ನನಗೆ ಕಾಣಿಸುತ್ತಿದ್ದದ್ದು ಅಪ್ಪನ ಸ್ವೆಟರು. ಕಂದು ಬಣ್ಣ, ಜಡೆಯ ಹೆಣಿಗೆ, ಎಡಗಡೆ ಒಂದು ಹೊಲಿಗೆ ತಪ್ಪಿತ್ತು. ಹೈದರಾಬಾದನ್ನು ನಾನು ಎಂಟು ಹತ್ತು ವರ್ಷ ಆ ಸ್ವೆಟರಿನಲ್ಲೇ ನೋಡಿದ್ದೇನೆ. ಒಂಟೆ ಎಲ್ಲಿ ಎಂದು ಕತ್ತು ಚಾಚುವಷ್ಟರಲ್ಲಿ ಒಂಟೆ ಹಿಂದೆ ಹೋಗಿರುತ್ತಿತ್ತು. ಈಗಲೂ ಶೈಲಾ ಯಾವುದಾದರೂ ಮಾತಿಗೆ "ನಾ ಮೊದಲ ನೋಡಿದ್ದೆ" ಅಂದರೆ ನನ್ನ ಹೊಟ್ಟೆಯೊಳಗೆ ಆ ಒಂಟೆ ಎದ್ದು ನಿಲ್ಲುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಮನೆಗೆ ಬಂದಳು. ಅಪ್ಪನ ಮನೆಯ ಮೆಟ್ಟಿಲ ಕೆಳಗೆ ತಾಡಪತ್ರಿ ಹೊದ್ದು ಮಲಗಿದ್ದ ಗಾಡಿಯನ್ನು ಶೈಲಾ ಒಯ್ದಳು. ಗುಜರಿಯವನನ್ನು ಕರೆಯುವ ಕೆಲಸ ತಪ್ಪಿತು ಎಂದು ನಾನು ಸಮಾಧಾನಪಟ್ಟುಕೊಂಡೆ. ಯಾವ ಲೆಕ್ಕದಲ್ಲಿ ನೋಡಿದರೂ ನನಗೆ ಬಂದದ್ದೇ ದೊಡ್ಡ ಪಾಲು. ಆದರೆ ಶೈಲಾ ಪಟಾನ್‌ಚೆರುವಿನಲ್ಲಿದ್ದಾಳೆ, ಅಲ್ಲಿನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ನೆಲಮಹಡಿಯ ಮನೆ, ಮುಂದೊಂದು ವರಾಂಡ. ಆ ವರಾಂಡದಲ್ಲಿ ಅವಳು ಗಾಡಿಯನ್ನು ಬಿಚ್ಚತೊಡಗಿದಳು. ನನಗೆ ನಿದ್ದೆ ಕೆಡಲು ಶುರುವಾಯಿತು.

ನಾನೂ ಅವ್ವನೂ ತಿಂಗಳಿಗೊಮ್ಮೆ ಅಲ್ಲಿಗೆ ಹೋದಾಗ ಒಂದೊಂದು ನೋಟ. ಒಮ್ಮೆ ನೀರಿನ ಬಾಟಲಿಗೆಂದು ಫ್ರಿಜ್ಜು ತೆಗೆದರೆ ಮೇಲಿನ ಖಾನೆಯಲ್ಲಿ ಹಸಿ ಬಟಾಣಿ ಪೊಟ್ಟಣದ ಪಕ್ಕ ಬೇರಿಂಗುಗಳು. ತಣ್ಣಗಾದರೆ ಕುಗ್ಗುತ್ತವಂತೆ. ಎಂಜಿನ್ನಿನ ಹೊರಕವಚವನ್ನು ಗ್ಯಾಸ್ ಒಲೆಯ ಮೇಲಿಟ್ಟು ಬಿಸಿ ಮಾಡಿದರೆ ಅದು ಹಿಗ್ಗುತ್ತದಂತೆ. ಹಿಗ್ಗಿದ್ದರೊಳಗೆ ಕುಗ್ಗಿದ್ದನ್ನು ಇಟ್ಟರೆ ಸುತ್ತಿಗೆಯ ಪೆಟ್ಟಿಲ್ಲದೆ ಕೂರುತ್ತದೆ. ಇನ್ನೊಮ್ಮೆ ಪಾತ್ರೆಯಲ್ಲಿ ಲಿಂಬೆರಸದ ನೀರು ಕುದಿಯುತ್ತಿತ್ತು, ಸಾರೆಂದು ಮುಚ್ಚಳ ತೆಗೆದರೆ ಕಾರ್ಬೊರೇಟರು. ಮತ್ತೊಮ್ಮೆ ಹಿತ್ತಲಲ್ಲಿ ಕಟ್ಟಿಗೆ ಉರಿಗೆ ಸೈಲೆನ್ಸರುಗಳನ್ನು ಹಾಕಿ, ವರ್ಷಗಳ ಎಣ್ಣೆಮಸಿಯನ್ನು ಸುಡುತ್ತಿದ್ದಳು. ಅಪ್ಪ ಹಾಕಿದ ಎಣ್ಣೆ ಅದು. ಅವಳ ಗಂಡ ಪಾಪ, ಊಟದ ಮೇಜಿನ ಅರ್ಧ ಭಾಗದಲ್ಲಿ ಉಣ್ಣುತ್ತಿದ್ದ. ಉಳಿದರ್ಧ ನಟ್ಟು ಬೋಲ್ಟುಗಳದು.

ನಾನು ಇದನ್ನೆಲ್ಲ ನೋಡಿ ಹೊಗಳಬೇಕಿತ್ತು. ಬಾಯಿ ಹೊಗಳುತ್ತಿತ್ತು ಕೂಡ. ಒಳಗೆ ಮಾತ್ರ, ಇದು ಎಂದೂ ಶುರುವಾಗದಿರಲಿ ಎಂಬ ಒಂದು ಸಣ್ಣ ಆಸೆ ಕೂತಿತ್ತು. ಹಾಗೇನೂ ಆಗಲಿಲ್ಲ. ಒಂದು ದಿನ ಫೋನಿನಲ್ಲಿ ಅವಳು ಮಾತಾಡಲಿಲ್ಲ, ಬರೀ ಸದ್ದು ಕೇಳಿಸಿದಳು. ಅವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದು, ಸದ್ದು ನಿಂತ ಮೇಲೂ ಹಾಗೆಯೇ ಕೂತಿದ್ದಳು. ನಾನು ಅಡುಗೆಮನೆಗೆ ಹೋಗಿ ಯಾವ ಕಾರಣವೂ ಇಲ್ಲದೆ ಪಾತ್ರೆ ಉಜ್ಜಿದೆ.

ಉಳಿದದ್ದು ಬಣ್ಣ. ಅದರಲ್ಲಿ ನಾನು ಅವಳನ್ನು ಹಿಡಿದೆ. ಹಳೆ ಗಾಡಿ ಸರಿಮಾಡುವವರ ಒಂದು ವ್ರತವಿದೆ: ಗಾಡಿ ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೆಯೇ ಆಗಬೇಕು, ಮೊದಲಿನ ಬಣ್ಣವೇ ಬೇಕು. ಶೈಲಾ ಕೂಡ ಆ ವ್ರತದವಳೇ. ಟ್ಯಾಂಕನ್ನು ಪೇಂಟರ್ ಚಾಚಾನಿಗೆ ಕೊಡುವ ಮುಂಚಿನ ಭಾನುವಾರ ನಾವು ಅಲ್ಲಿದ್ದೆವು. ಅವಳು ಮೆರೂನ್ ಎಂದು ನಿರ್ಧರಿಸಿ ಆಗಿತ್ತು. ನಾನು ಅದು ಮೊದಲು ಗಿಳಿಹಸಿರು ಇತ್ತು ಅಂದೆ.

"ಅಕ್ಕಾ, ಗಿಳಿಹಸಿರು ಗಾಡಿ ಯಾರರ ಮಾಡತಾರೇನು? ನನಗ ತಿಳಿವಳಿಕಿ ಬಂದಾಗಿಂದ ಅದು ಮೆರೂನ್ ಐತಿ."

"ನಿನಗ ತಿಳಿವಳಿಕಿ ಬರೂಕಿಂತ ಮೊದಲೂ ಗಾಡಿ ಇತ್ತು. ಅದರ ಮ್ಯಾಲ ನಾ ಇದ್ದೆ."

ನನ್ನ ದನಿ ಸ್ವಲ್ಪ ಏರಿರಬೇಕು. ಶೈಲಾ ನನ್ನ ಮುಖ ನೋಡಿದಳು. ಒಂದು ಬಟ್ಟಲು ನೀರು, ವಾಟರ್ ಪೇಪರ್ ಎಂದು ಪೇಂಟರುಗಳು ಕರೆಯುವ ನುಣುಪು ಉಜ್ಜುಕಾಗದ ತಂದಿಟ್ಟು, ಟ್ಯಾಂಕಿನ ಅಡಿಯ ಮೂಲೆಯಲ್ಲಿ ಉಜ್ಜತೊಡಗಿದಳು. ಅವ್ವ ಪಕ್ಕದ ಕುರ್ಚಿಯಲ್ಲಿ ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಮೆರೂನ್ ನೀರು ಇಳಿಯಿತು, ಇಳಿಯುತ್ತಲೇ ಇತ್ತು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದವಳಂತೆ ಬಗ್ಗಿ ನಿಂತಿದ್ದೆ. ನಲವತ್ತೈದು ದಾಟಿದ ಹೆಂಗಸು ನಾನು, ಕಾಲೇಜಿಗೆ ಹೋಗುವ ಮಗ ಇದ್ದಾನೆ. ಕೊನೆಗೆ ಒಂದು ಸಣ್ಣ ಚುಕ್ಕೆಯಷ್ಟು ಹಸಿರು ಕಾಣಿಸಿತು. ಅದೇ ಗಿಳಿಹಸಿರು.

ಶೈಲಾ ಸೋತಳು. ಸೋತದ್ದನ್ನು ಒಪ್ಪಿಕೊಂಡು ನಕ್ಕಳು ಕೂಡ. ಅಲ್ಲಿಗೆ ಬಿಟ್ಟಿದ್ದರೆ ಇಂದು ಆ ಗಾಡಿ ಗಿಳಿಹಸಿರಾಗಿ ಊರೆಲ್ಲ ತಿರುಗುತ್ತಿತ್ತು. ನನಗೆ ಒಂದು ಚುಕ್ಕೆ ಸಾಲಲಿಲ್ಲ. ಕಾಗದವನ್ನು ಅವಳ ಕೈಯಿಂದ ಕಿತ್ತುಕೊಂಡು ನಾನೇ ಕೂತೆ. ಅಂಗೈಯಗಲ ಹಸಿರು ಕಾಣಬೇಕು, ಅವಳು ಅದನ್ನು ಚೆನ್ನಾಗಿ ನೋಡಬೇಕು. ಎಂದೂ ಆ ಕೆಲಸ ಮಾಡದ ಕೈ ನನ್ನದು, ಬಾಣಲೆಯ ತಳ ತಿಕ್ಕಿದ ಹಾಗೆ ತಿಕ್ಕಿದೆ. ಹಸಿರಿನ ನಡುವೆ ಕಪ್ಪು ಬಂತು. ಮಸಿ ಇರಬಹುದೆಂದು ಇನ್ನೂ ತಿಕ್ಕಿದೆ. ಕಪ್ಪು ದೊಡ್ಡದಾಯಿತು, ಮಿಂಚತೊಡಗಿತು. ಉಳ್ಳಾಗಡ್ಡಿ ಕೊಯ್ದಾಗ ಕಾಣುವ ಸುತ್ತುಗಳ ಹಾಗೆ ಹೊರಗೆ ಮೆರೂನ್, ಒಳಗೆ ಹಸಿರು, ನಡುವೆ ಕಪ್ಪು.

ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು. ಅವ್ವ ಸೊಪ್ಪಿನಿಂದ ತಲೆ ಎತ್ತದೆ ಹೇಳಿದಳು.

"ಅದು ಮನಿಗೆ ಬಂದಾಗ ಕರೀದ ಇತ್ತು. ನಮ್ಮ ಲಗ್ನದ ವರ್ಷ ತಗೊಂಡಿದ್ರು ನಿಮ್ಮಪ್ಪ. ನೀ ಹುಟ್ಟಿದಾಗ, ಕೂಸು ಬಂದ ಮನ್ಯಾಗ ಕರಿ ಗಾಡಿ ಬ್ಯಾಡ ಅಂತ ಹಸಿರು ಹೊಡಿಸಿದ್ರು. ಶೈಲಾ ಹುಟ್ಟಿದಾಗ ಮತ್ತ ಬದಲಿ ಮಾಡಿದ್ರು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಶೈಲಾ ಕೇಳಿದಳು. ನೀವಿಬ್ಬರೂ ನಿಮ್ಮ ನಿಮ್ಮ ಬಣ್ಣಕ್ಕೆ ಜಗಳಾಡುತ್ತಿದ್ದಿರಿ, ನನ್ನನ್ನು ಯಾರು ಕೇಳಿದರು ಎಂದಳು ಅವ್ವ. ಆಮೇಲೆ ಬಿಡಿಸಿದ ಸೊಪ್ಪನ್ನು ಪಕ್ಕಕ್ಕಿಟ್ಟು, ಟ್ಯಾಂಕನ್ನು ತನ್ನ ಕಡೆ ಎಳೆದುಕೊಂಡು, ಆ ಕಪ್ಪಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಕರಿ ಗಾಡಿ ಮ್ಯಾಲ ನನ್ನ ಕೈ ಖಾಲಿ ಇರತಿದ್ದವು. ನಿಮ್ಮಪ್ಪನ ಭುಜದ ಮ್ಯಾಲ ಕೈ ಇಟಗೊಂಡು ಕೂಡತಿದ್ದೆ. ಗಂಡಿಪೇಟದ ಕೆರಿ ತನಕ ಹೋಗತಿದ್ವಿ. ನೀ ಹುಟ್ಟಿದ ಮ್ಯಾಲ ಎರಡೂ ಕೈ ನಿನ್ನ ಹಿಡಿಯಾಕ ಬೇಕಾದ್ವು. ಆಮ್ಯಾಲ ಇಕಿ ಬಂದ್ಲು, ನೀ ನಡುವ ಬಂದು ಕೂತಿ." ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. "ಒಮ್ಮೊಮ್ಮೆ ಭಾಳ ಹೊಟ್ಟಿಕಿಚ್ಚು ಆಗತಿತ್ತು ನೋಡವಾ, ನಿನ್ನ ಮ್ಯಾಲ. ಹೆತ್ತ ಕೂಸಿನ ಮ್ಯಾಲ ಎಂಥಾ ಹೊಟ್ಟಿಕಿಚ್ಚು ಅಂತ ನನ್ನ ನಾನ ಬೈಕೋತಿದ್ದೆ."

ನನ್ನ ಮೇಲೆ. ನನ್ನ ಮೇಲೆ ಹೊಟ್ಟೆಕಿಚ್ಚು ಪಡುವವರು ಈ ಲೋಕದಲ್ಲಿ ಇದ್ದಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಟ್ಯಾಂಕಿನಿಂದ ಇಳಿಸಿ ನನ್ನನ್ನು ತುರುಕಿದ್ದ ಆ ಸಂದಿ, ನಾನು ಇಷ್ಟು ವರ್ಷ ಶಪಿಸಿದ ಆ ಜಾಗ, ಅವ್ವನದಾಗಿತ್ತು. ನಾನು ನೋಡಿ ನೋಡಿ ಬೇಸತ್ತ ಆ ಸ್ವೆಟರನ್ನು ಹೆಣೆದವಳೂ ಅವಳೇ. ಹೆಣೆದವಳಿಗೆ ಅದರ ಮೇಲೆ ಕೈಯಿಡಲು ಜಾಗವಿರಲಿಲ್ಲ, ಅಲ್ಲಿ ನನ್ನ ಮೂಗು ಒತ್ತಿಕೊಂಡಿರುತ್ತಿತ್ತು. ಅವತ್ತು ನಾನು ಎದ್ದೆ. ಮೆಂತೆ ಕಡ್ಡಿಗಳನ್ನು ಒಟ್ಟು ಮಾಡಿ ಹೊರಗೆ ಹಾಕಿ ಬಂದೆ.

ಪೇಂಟರ್ ಚಾಚಾ "ಕಲರ್ ಕೌನ್ಸಾ ಅಮ್ಮಾ" ಎಂದು ಕೇಳಿದಾಗ ಶೈಲಾ ಕಪ್ಪು ಎಂದಳಂತೆ. ನನ್ನನ್ನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಹಾಗಾದರೆ ಹೊಟ್ಟೆಕಿಚ್ಚು ಹೋಯಿತೇ ಎಂದು ನೀವು ಕೇಳಬಹುದು. ಎಲ್ಲಿ ಹೋಗುತ್ತದೆ? ವಿಳಾಸ ಬದಲಿಸಿತು, ಅಷ್ಟೆ. ಈಗ ನಾನು ಕರುಬುವುದು ಗಂಡಿಪೇಟೆಯ ದಾರಿಯಲ್ಲಿ ಕಪ್ಪು ಗಾಡಿಯ ಮೇಲೆ ಹೋಗುತ್ತಿದ್ದ ಆ ಇಬ್ಬರ ಮೇಲೆ. ನಾನೂ ಇಲ್ಲದ, ಶೈಲಾಳೂ ಇಲ್ಲದ ಆ ಒಂದೆರಡು ವರ್ಷಗಳ ಮೇಲೆ. ಜೊತೆಗೆ ಭಾನುವಾರ ಬಂದರೆ ಶೈಲಾಳ ಮೇಲಿನ ಹಳೆಯದೂ ಒಂದಿಷ್ಟು ಉರಿಯುತ್ತದೆ, ಡಬ್ಬಿ ತುಂಬಿಸಿ ಕಳಿಸುತ್ತೇನೆ.

ಇವತ್ತೂ ಕಳಿಸಿದೆ. ಒಲೆ ಆರಿಸಿ ಕಿಟಕಿಗೆ ಬಂದು ಕೆಳಗೆ ನೋಡಿದೆ. ಕಪ್ಪು ಟ್ಯಾಂಕಿನ ಮೇಲೆ ಬಿಸಿಲು ಬಿದ್ದಿತ್ತು. ಶೈಲಾ ಕಿಕ್ ಹೊಡೆದು ಕಾಯುತ್ತಿದ್ದಳು. ಅವ್ವ ಅಡ್ಡಲಾಗಿ ಕೂತು, ಸೆರಗು ಸಿಕ್ಕಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಜಾರದಂತೆ ಎರಡೂ ಕೈಯಲ್ಲಿ ಅದನ್ನು ಅಪ್ಪಿ ಹಿಡಿದಿದ್ದಳು, ಕೂಸನ್ನು ಹಿಡಿದಂತೆ. ಪ್ರತಿ ಭಾನುವಾರವೂ ಹೀಗೆಯೇ ಹೋಗುತ್ತಿದ್ದಳು, ನಾನು ಪ್ರತಿ ಭಾನುವಾರವೂ ಇದನ್ನು ನೋಡುತ್ತಿದ್ದೆ.

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡಿದೆ. ಗಾಡಿ ಗೇಟಿನ ಹತ್ತಿರ ಹೋಗಿತ್ತು. ಕೂಗಿ ನಿಲ್ಲಿಸಿದೆ. ಏನಾಯಿತೆಂದು ಶೈಲಾ ಹೆಲ್ಮೆಟ್ಟಿನ ಗಾಜು ಎತ್ತಿದಳು.

"ಡಬ್ಬಿ ಇಲ್ಲೇ ಇರಲಿ, ಅವ್ವಾ," ಅಂದೆ. "ಬಂದ ಮ್ಯಾಲ ಎಲ್ಲಾರೂ ಕೂಡಿ ಉಣ್ಣೋಣು."

ಅವ್ವ ಡಬ್ಬಿ ಕೊಟ್ಟಳು. ಖಾಲಿಯಾದ ಕೈಗಳನ್ನು ಒಂದು ಕ್ಷಣ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಆಮೇಲೆ ಒಂದು ಕೈ ಎತ್ತಿ ಶೈಲಾಳ ಭುಜದ ಮೇಲೆ ಇಟ್ಟಳು. ಗಾಡಿ ರಸ್ತೆಗೆ ತಿರುಗುವ ತನಕ ಆ ಕೈ ಅಲ್ಲೇ ಇತ್ತು.