ಎಣ್ಣೆ ಟ್ಯಾಂಕಿಗೆ ನಾನು ಸುರಿದ ನೀರು

ನನ್ನ ಬೀಗ ಚಂದ್ರಪ್ಪನ ಬಲಗೈ ಬೆರಳುಗಳು ಹೋದದ್ದು ನನ್ನಿಂದ. ಯಂತ್ರದಿಂದಲ್ಲ, ಅವನ ಗ್ರಹಚಾರದಿಂದಲ್ಲ — ನನ್ನಿಂದ. ಇಷ್ಟು ವರ್ಷ ಎಲ್ಲರೂ, ಅವನೂ ಕೂಡ, ನಾನು ಅವನ ಜೀವ ಉಳಿಸಿದವನು ಎಂದೇ ನಂಬಿದ್ದರು. ಆ ನಂಬಿಕೆಯ ಮೇಲೇ ಅವನು ತನ್ನ ಮಗಳನ್ನು ನನ್ನ ಮಗನಿಗೆ ಕೊಟ್ಟ. ಈಗ ಅವರಿಗೊಂದು ಗಂಡು ಕೂಸು ಹುಟ್ಟಿದೆ. ಏನು ಕೂಸು ಅಂತೀರಿ! ಕಿವಿ ನೋಡಿದರೆ ನಮ್ಮವ್ವನದೇ. ಆಕಳಿಸಿದರೂ ಮನೆಮಂದಿಯೆಲ್ಲ ಓಡಿಬಂದು ನೋಡುತ್ತೇವೆ. ಹೆಚ್ಚು ಓದದ ನನಗೆ ಈ ಸಂತೋಷ ಹೇಳಲು ಮಾತು ಸಾಲದು — ಎದೆ ತುಂಬಿ ಚೆಲ್ಲುತ್ತಿದೆ. ಚೆಲ್ಲುವಾಗ ತಳದ ಕೊಳಕೂ ಮೇಲೆ ಬಂತು.

ಹರಿಹರದ ಹೊಳೆದಂಡೆಯ ಇಟ್ಟಿಗೆ ಭಟ್ಟಿಯಲ್ಲಿ ನಾನು ಲೋಡರ್ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಮುಂದೆ ದೊಡ್ಡ ಬಕೆಟ್ ಇರುವ, ಮಣ್ಣು ಎತ್ತುವ ಗಾಡಿ. ಬಕೆಟ್ ಏಳುವುದು, ಇಳಿಯುವುದು ಎಣ್ಣೆಯ ಒತ್ತಡದಿಂದ. ಆ ಎಣ್ಣೆಯನ್ನು ಬಿಡುವುದು, ತಡೆಯುವುದು ಲೀವರಿನ ಕೆಳಗಿನ ವಾಲ್ವ್. ಚಳಿಗಾಲದ ಬೆಳಿಗ್ಗೆ ಎಣ್ಣೆ ಮಂದವಾಗಿ ವಾಲ್ವ್ ಹಿಡಿದುಕೊಳ್ಳುತ್ತದೆ. ಎಣ್ಣೆಗೆ ನೀರು ಸೇರಿ ತುಕ್ಕು ಹಿಡಿದಿದ್ದರಂತೂ ಕೇಳುವುದೇ ಬೇಡ. ಅದಕ್ಕೇ ನಾನು ಸಂಜೆ ಇಬ್ಬನಿ ಬೀಳದ ಹಾಗೆ ಗೋಣಿ ಹೊದಿಸುತ್ತಿದ್ದೆ. ಬೆಳಿಗ್ಗೆ ಎಂಜಿನ್ ಬಿಸಿಯಾಗಲು ಬಿಟ್ಟು, ಖಾಲಿ ಬಕೆಟ್ಟನ್ನು ನಿಧಾನವಾಗಿ ಎತ್ತಿ ಇಳಿಸಿ, ಆಮೇಲೆ ಮಣ್ಣಿಗೆ ಹೋಗುತ್ತಿದ್ದೆ.

ಚಂದ್ರಪ್ಪ ಎರಡನೇ ಗಾಡಿಗೆ ಡ್ರೈವರಾಗಿ ಬಂದ. ಮಾಲೀಕರು ಎಲ್ಲರೆದುರು ಅವನ ಚುರುಕುತನ ಹೊಗಳಿದರು. ನನ್ನ ಹೊಟ್ಟೆ ಉರಿಯಿತು.

"ಅಣ್ಣಾ, ಗಾಡಿಗೆ ಗೋಣಿ ಯಾಕ ಹೊದಿಸ್ತೀರಿ?" ಎಂದು ಒಂದು ಸಂಜೆ ಕೇಳಿದ.

"ನಾಯಿ ಉಚ್ಚಿ ಹೊಯ್ತಾವಲೇ, ಅದಕ್ಕ."

"ಹಂಗಾದ್ರ ನನ್ ಗಾಡಿಗೂ ಹೊದಿಸ್ಲಾ?"

"ನಿನ್ ಗಾಡಿ ನಾಯಿನೂ ಮೂಸಲ್ಲ, ಬಿಡು."

ಇಟ್ಟಿಗೆ ಹೊರುವವರೆಲ್ಲ ನಕ್ಕರು. ಅವನೂ ನಕ್ಕ, ಆದರೂ ಗೋಣಿ ಹೊದಿಸಿಯೇ ಹೋದ. ನಾನು ಅದನ್ನು ಕಿತ್ತೆಸೆದೆ. ಅಷ್ಟಕ್ಕೇ ಬಿಟ್ಟಿದ್ದರೆ — ಬಿಡಲಿಲ್ಲ. ಎಣ್ಣೆ ಟ್ಯಾಂಕಿನ ಮುಚ್ಚಳ ತಿರುವಿ ಒಂದು ಚೊಂಬು ನೀರು ಸುರಿದೆ. ಮರುದಿನವೂ ಸುರಿದೆ.

ಕೆಲವು ದಿನ ಕಳೆದು ಚಳಿ ಜೋರಾದ ಒಂದು ಬೆಳಿಗ್ಗೆ ಅವನು ತುಂಬಿದ ಬಕೆಟ್ ಎತ್ತಿದ. ಇಳಿಸಲು ಹೋದರೆ ಇಳಿಯಲಿಲ್ಲ. ಲೀವರನ್ನು ಇಳಿಸುವ ಕಡೆಗೇ ಒತ್ತಿ ಬಿಟ್ಟು, ಎಂಜಿನ್ ಆರಿಸದೆ, ಕೆಳಗಿಳಿದು, ಏನು ಸಿಕ್ಕಿಕೊಂಡಿದೆಯೋ ನೋಡಲು ಬಕೆಟ್ಟಿನಡಿ ಕೈ ಹಾಕಿದ. ಬಿಸಿ ಏರಿದಾಗ ಹಿಡಿದುಕೊಂಡ ವಾಲ್ವ್ ಒಮ್ಮೆಗೇ ಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಚಾ ಲೋಟ ಹಿಡಿದು ನೋಡುತ್ತ ನಿಂತಿದ್ದೆ. ಒಂದು ಸಲ ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಸ್ವಲ್ಪ ಹೆದರಲಿ ಅನ್ನಿಸಿತ್ತು — ಇಲ್ಲ, ಇದೂ ಸುಳ್ಳು. ಏನಾದರೂ ಆಗಲಿ ಎಂದೇ ಕಾಯುತ್ತಿದ್ದೆ.

ಆಯಿತು.

ಅವನನ್ನು ಎತ್ತಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಓಡಿದವನೂ ನಾನೇ. ನನ್ನ ಅಂಗಿಯ ಮೇಲಿನ ರಕ್ತ ಕಂಡವರೆಲ್ಲ ಹೊಗಳಿದರು. ಮಾಲೀಕರಿಗೆ ಮಾತ್ರ "ಹುಡುಗನಿಗೆ ಅವಸರ ಜಾಸ್ತಿ ಸಾಹೇಬ್ರೇ" ಎಂದೆ. ಅವನ ಕೆಲಸ ಹೋಯಿತು, ನನ್ನದು ಉಳಿಯಿತು. ಅವನು ಆವರಗೆರೆಯಲ್ಲಿ ಎಡಗೈಯಲ್ಲಿ ತರಕಾರಿ ತೂಗಿ ಬದುಕಿದ. ಬಂದ ಗಿರಾಕಿಗಳಿಗೆಲ್ಲ ನನ್ನ ಗುಣಗಾನ ಮಾಡಿದ. ನಾನು ಕೇಳಿಸಿಕೊಂಡು ಸುಮ್ಮನೆ ತಲೆಯಾಡಿಸಿದೆ.

ನಿನ್ನೆ ಸರಸ್ವತಿ ನಗರದ ನಮ್ಮ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಚಂದ್ರಪ್ಪ ಬರುತ್ತಲೇ, "ಬೀಗ್ರೇ, ಕೂಸಿಗೆ ನಿಮ್ ಹೆಸ್ರೇ ಇಡಾನ. ಹಾಲೇಶ. ನೀವಿಲ್ದಿದ್ರ ನಾನೆಲ್ಲಿ, ನನ್ ಮಗಳೆಲ್ಲಿ?" ಎಂದ. ಕೂಸು ಅವನ ಬಲಗೈಯಲ್ಲಿ ಉಳಿದಿದ್ದ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ನನ್ನಿಂದ ನೋಡಲಾಗಲಿಲ್ಲ. ಅವನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿಬಿಟ್ಟೆ.

ಅವನು ಒಂದೇ ಮಾತು ಕೇಳಿದ: "ನಾ ಕೈ ಹಾಕ್ದಾಗ ನೋಡ್ತಿದ್ರೇನ್ರಿ?"

"ನೋಡ್ತಿದ್ದೆ."

ಅವನು ಒಳಗೆ ಹೋದ. ನನ್ನ ಮಗಳು, ಕೂಸಿನ ಸೋದರತ್ತೆ, ಹೆಸರು ಹೇಳಲು ಕೂಸಿನ ಕಿವಿಯ ಹತ್ತಿರ ಬಗ್ಗಿದ್ದಳು. "ಆ ಹೆಸ್ರು ಬ್ಯಾಡವ್ವಾ, ಬ್ಯಾರೆ ಇಡು" ಎಂದ.

ಮನೆ ತುಂಬ ಗದ್ದಲ. "ಜೀವ ಉಳಿಸಿದೋರ ಹೆಸ್ರು ಬ್ಯಾಡಾತೇನು ಮಾವಾ? ಈಗೆಲ್ಲ ಮರ್ತುಹೋತಾ?" ಎಂದು ನನ್ನ ಮಗ ಅವನ ಮುಖಕ್ಕೇ ಎಂದ. ಸೊಸೆ, "ಅಪ್ಪಾ, ನನ್ ಮರ್ಯಾದಿ ಕಳದ್ಯಲ್ಲ" ಎಂದು ಅತ್ತಳು. ಚಂದ್ರಪ್ಪ ತುಟಿ ಬಿಚ್ಚಲಿಲ್ಲ. ಒಂದು ಸಲ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ — ಬಾಯಿ ಬಿಡಲಿಲ್ಲ. ಮಗಳ ಮನೆಯಲ್ಲೇ ಬೈಸಿಕೊಂಡು ಅವನು ಊಟ ಮಾಡದೆ ಎದ್ದುಹೋದ. ಕೂಸಿಗೆ ನನ್ನ ಹೆಸರನ್ನೇ ಇಟ್ಟರು. ಎಲ್ಲರೂ ನನ್ನ ಬಾಯಿಗೆ ಸಕ್ಕರೆ ಹಾಕಿದರು. ನಾನು ತಿಂದೆ.

ಹಿತ್ತಲಲ್ಲಿ ಹೇಳಿ ಹಗುರಾದವನು ನಾನು. ಒಳಗೆ ಎಲ್ಲರೆದುರು ಮಾತಿನ ಏಟು ತಿಂದವನು ಅವನು.

ನಾಳೆ ಮಗ, ಸೊಸೆಯನ್ನು ಕರೆದುಕೊಂಡು ಆವರಗೆರೆಗೆ ಹೋಗುತ್ತೇನೆ. ಅವನ ತರಕಾರಿ ಅಂಗಡಿ ಮುಂದೆ, ಗಿರಾಕಿಗಳು ಇರುವಾಗಲೇ, ಇದನ್ನೆಲ್ಲ ನನ್ನ ಬಾಯಿಂದಲೇ ಹೇಳುತ್ತೇನೆ. ಆಮೇಲೆ ಕೂಸಿನ ಹೆಸರು ಏನಿರಬೇಕು, ಅದನ್ನು ನಾನು ಮುಟ್ಟಬಹುದೋ ಬಾರದೋ — ಚಂದ್ರಪ್ಪ ಹೇಗೆ ಹೇಳುತ್ತಾನೋ ಹಾಗೆ.